ಯಕ್ಷಗಾನ ಪ್ರಸಂಗದ ಪಟ್ಟಿಗೆ (ಕೈಬರಹದ ಪುಸ್ತಕಕ್ಕೆ) ಹಚ್ಚಿದ್ದ ಸೆಲೋ ಟೇಪ್ ಉದುರ್ತಿದೆ, ಕಂದು ಕಲೆ ಉಳಿದಿದೆ. ಏನು ಮಾಡಲಿ?

ತುಂಗಾತೀರ: ಅಜ್ಜ ಕೈಯಾರೆ ಬರೆದ ಯಕ್ಷಗಾನ ಪ್ರಸಂಗದ ಪಟ್ಟಿ ತೀರ್ಥಹಳ್ಳಿ ಮನೆಯ ಅಟ್ಟದಲ್ಲಿ ಸಿಕ್ಕಿತು. ಹರಿದ ಹಾಳೆಗಳಿಗೆ 1980ರ ಸುಮಾರಿಗೆ ಅಪ್ಪ ಸೆಲೋ ಟೇಪ್ ಹಚ್ಚಿದ್ದರು. ಈಗ ಅಂಚುಗಳಲ್ಲಿ ಟೇಪ್ ತರಗೆಲೆ ಹಾಗೆ ಉದುರುತ್ತದೆ, ಅಡಿಯಲ್ಲಿ ಚಹಾ ಚೆಲ್ಲಿದಂಥ ಕಲೆ. ಒಳಹಾಳೆಗಳಲ್ಲಿ ಅಂಟು ಜಿನುಗಿ ಎರಡು ಹಾಳೆ ಕಚ್ಚಿಕೊಂಡಿವೆ. ಒಂದೇ ಟೇಪ್, ಎರಡು ಥರ ಯಾಕೆ? ಪೆಟ್ರೋಲ್ ಹಚ್ಚಿ ಒರೆಸು ಅಂದರು ಒಬ್ಬರು.

ಸಾಗರದವ: ಪೆಟ್ರೋಲ್ ಮುಟ್ಟಿಸಲೇಬೇಡಿ! ಕರಗಿದ ಅಂಟು ಕಾಗದದೊಳಗೆ ಇನ್ನೂ ಇಳಿಯುತ್ತದೆ. ಮೊದಲು ಎಲ್ಲ ಪುಟಗಳ ಫೋಟೋ ತೆಗೆದಿಡಿ. ಅಟ್ಟದ ಮೇಲೆ ಹಂಚೋ, ತಗಡೋ?

ತುಂಗಾತೀರ: ಹಂಚು. ಬೇಸಿಗೆಯಲ್ಲಿ ಅಲ್ಲಿ ನಿಲ್ಲಕ್ಕಾಗಲ್ಲ.

ಸಾಗರದವ: ಹಾಗಾದರೆ ಕಾರಣ ಅದೇ. ಹಳೇ ಟೇಪಿನ ಅಂಟು ಅಂದರೆ ರಬ್ಬರಿಗೆ ರಾಳ ಬೆರೆಸಿದ್ದು. ಗಾಳಿಯ ಆಮ್ಲಜನಕ ರಬ್ಬರಿನ ಉದ್ದನೆಯ ಸರಪಳಿಗಳನ್ನು ಕಡಿಯುತ್ತದೆ, ಶಾಖ ಮತ್ತು ಬೆಳಕು ಅದನ್ನು ಚುರುಕಾಗಿಸುತ್ತವೆ. ಮೊದಲು ಅಂಟು ಮೆತ್ತಗಾಗಿ ಹರಿದು ಕಾಗದದ ನಾರಿಗೆ ಇಳಿಯುತ್ತದೆ. ನಿಮ್ಮ ಒಳಹಾಳೆಗಳು ಆ ಹಂತದಲ್ಲಿವೆ. ಆಮೇಲೆ ಸರಪಳಿಗಳು ಒಂದಕ್ಕೊಂದು ಬೆಸೆದು ಅಂಟು ಗಟ್ಟಿಯಾಗಿ, ಕಂದಾಗಿ, ಹಿಡಿತ ಬಿಡುತ್ತದೆ. ಗಾಳಿ ಜಾಸ್ತಿ ತಾಗಿದ ಅಂಚುಗಳು ಅಲ್ಲಿಗೆ ತಲುಪಿವೆ. ಎರಡು ರೋಗ ಅಲ್ಲ, ಒಂದೇ ರೋಗದ ಎರಡು ಹಂತ.

ಉದುರುವ ಟೇಪನ್ನು ಚಿಮಟದಲ್ಲಿ ಎತ್ತಿ. ಕಲೆ ಹೋಗುವ ಆಸೆ ಬಿಡಿ, ಅಷ್ಟು ಹಳೆಯದು ದ್ರಾವಕಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ. ಮೇಲೆ ಉಳಿದ ಜಿಗುಟನ್ನು ಚಪ್ಪಲಿ ಅಟ್ಟೆಯ ಕ್ರೇಪ್ ರಬ್ಬರ್ ತುಂಡಿನಿಂದ, ಅಕ್ಷರ ಇಲ್ಲದ ಕಡೆ ಮಾತ್ರ, ಒತ್ತಿ ಒತ್ತಿ ಎತ್ತಿ. ಕಚ್ಚಿಕೊಂಡ ಹಾಳೆಗಳನ್ನು ಎಳೆಯಬೇಡಿ. ಅದು ಕಾಗದ ಸಂರಕ್ಷಣೆ ಗೊತ್ತಿರುವವರ ಕೈಯ ಕೆಲಸ.

ಅಡಿಕೆತೋಟ: ಹರಿದದ್ದಕ್ಕೆ ಮತ್ತೆ ಮೈದಾ ಅಂಟು ಸಾಕಲ್ಲ?

ಸಾಗರದವ: ಮಲೆನಾಡಿನಲ್ಲಿ ಮೈದಾ ಅಂದರೆ ಬೂಸ್ಟಿಗೆ, ಜಿರಲೆಗೆ ಊಟ. ತೆಳು ಜಪಾನಿ ಕಾಗದಕ್ಕೆ ಶುದ್ಧ ಗೋಧಿ ಪಿಷ್ಟದ ಗಟ್ಟಿ ಅಂಟು ಸವರಿ ಹಚ್ಚಿ, ಬ್ಲಾಟಿಂಗ್ ಪೇಪರ್ ನಡುವೆ ಭಾರ ಇಟ್ಟು ಒಣಗಿಸಿ. ಬೇಕಾದರೆ ಮುಂದೆ ನೀರಿನಲ್ಲೇ ಬಿಡಿಸಬಹುದು. ಶಾಯಿ ಹರಡುತ್ತದೋ ಅಂತ ಮೊದಲು ಒಂದು ಚುಕ್ಕಿಗೆ ಒದ್ದೆ ಹತ್ತಿ ತಾಗಿಸಿ ನೋಡಿ. ಮಳೆಗಾಲದಲ್ಲಿ ಮಾತ್ರ ಬೇಡ, ಒಣಗುವುದೇ ಇಲ್ಲ.

ತುಂಗಾತೀರ: ಹನ್ನೊಂದು ಹಾಳೆಗಳ ಟೇಪ್ ತೆಗೆದೆ, ಅಕ್ಷರ ಒಂದೂ ಹೋಗಲಿಲ್ಲ. ಶಾಯಿ ಸ್ವಲ್ಪ ಹರಡಿತು, ಹಾಗಾಗಿ ಅಂಟು ಹಚ್ಚಿಲ್ಲ. ಪಟ್ಟಿಯನ್ನು ಅಟ್ಟದಿಂದ ಇಳಿಸಿ ನಡುಮನೆಯ ಕಪಾಟಿನಲ್ಲಿಟ್ಟಿದ್ದೇನೆ. ಕಚ್ಚಿಕೊಂಡ ಎರಡು ಹಾಳೆ ಹಾಗೇ ಇವೆ.