ನಗರದಲ್ಲಿ ಸೆನ್ಸರ್: ಯಾವುದು ನಿಜಕ್ಕೂ ಉಪಯೋಗ?

ಪ್ರಶ್ನೆ:
ಕಸದ ತೊಟ್ಟಿ, ಬೀದಿ ದೀಪ, ಪಾರ್ಕಿಂಗ್, ನೀರಿನ ಪೈಪು, ಈಗ ಎಲ್ಲಕ್ಕೂ ಸೆನ್ಸರ್ ಅಂತಾರೆ. ಇದರಲ್ಲಿ ಜನಕ್ಕೆ ಉಪಯೋಗ ಆಗುವುದು ಯಾವುದು, ಸುಮ್ನೆ ಆಫೀಸಿನ ಕಂಪ್ಯೂಟರ್ ಪರದೆಯ ಡ್ಯಾಶ್‌ಬೋರ್ಡ್ ತುಂಬಿಸುವುದು ಯಾವುದು? ಗೊತ್ತಿರುವವರು ಹೇಳಿ.

ಉತ್ತರ 1:
ನನ್ನ ಓಟು ನೀರಿನ ಪೈಪಿಗೆ. ಸೋರಿಕೆ ನೆಲದೊಳಗೆ ಆಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಪೈಪಿಗೆ ಎರಡು ಕಡೆ ಶಬ್ದ ಹಿಡಿಯುವ ಸೆನ್ಸರ್ ಅಂಟಿಸಿದರೆ, ಸೋರುವ ನೀರಿನ ಸದ್ದು ಹತ್ತಿರದ್ದಕ್ಕೆ ಮೊದಲು, ದೂರದ್ದಕ್ಕೆ ಆಮೇಲೆ ತಲುಪುತ್ತದೆ, ಆ ವ್ಯತ್ಯಾಸದಿಂದ ಎಲ್ಲಿ ಅಗೆಯಬೇಕು ಅಂತ ಲೆಕ್ಕ ಸಿಗುತ್ತದೆ. ಇಡೀ ರಸ್ತೆ ಅಗೆಯುವುದು ತಪ್ಪುತ್ತದೆ ಅಲ್ವಾ! ರಾತ್ರಿ ಗದ್ದಲ ಕಡಿಮೆ ಇರುವಾಗ ಇನ್ನೂ ಚೆನ್ನಾಗಿ ಕೇಳುತ್ತದೆ. ಪ್ಲಾಸ್ಟಿಕ್ ಪೈಪಲ್ಲಿ ಮಾತ್ರ ಸದ್ದು ಬೇಗ ಅಡಗಿಬಿಡುತ್ತದೆ, ಅಲ್ಲಿ ಸೆನ್ಸರ್ ಹತ್ತಿರ ಹತ್ತಿರ ಬೇಕು.

ಉತ್ತರ 2:
ಗಾಳಿಯ ಸೆನ್ಸರ್ ಬಗ್ಗೆ ಹುಷಾರು. ಅಗ್ಗದ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿ ಸಣ್ಣ ಧೂಳಿನ ಕಣ) ಸೆನ್ಸರ್ ಬೆಳಕು ಚದುರುವುದನ್ನು ನೋಡಿ ಧೂಳು ಎಷ್ಟಿದೆ ಅಂತ ಅಂದಾಜು ಮಾಡುತ್ತದೆ. ಮಂಜು ಬಿದ್ದರೆ ನೀರಿನ ಹನಿಯನ್ನೂ ಧೂಳು ಅಂದುಕೊಂಡು ಜಾಸ್ತಿ ತೋರಿಸುತ್ತದೆ. ಒಳ್ಳೆಯ ಅಳತೆ ಕೇಂದ್ರದ ಪಕ್ಕದಲ್ಲಿಟ್ಟು ಹೋಲಿಸದೆ ನಂಬಬೇಡಿ.

ಉತ್ತರ 3:
ಡೇಟಾ ಯಾರ ಕೈಯಲ್ಲಿ ಇರುತ್ತದೆ ಅಂತ ಮೊದಲೇ ಕೇಳಿ. ಕೆನಡಾದ ಟೊರೊಂಟೊದಲ್ಲಿ ಗೂಗಲ್‌ನ ಸೋದರ ಕಂಪನಿ ಸೈಡ್‌ವಾಕ್ ಲ್ಯಾಬ್ಸ್ ಸೆನ್ಸರ್ ತುಂಬಿದ ಬಡಾವಣೆ ಕಟ್ಟಲು ಹೊರಟಿತ್ತು, ಕ್ವೇಸೈಡ್ ಅನ್ನುವ ಆ ಯೋಜನೆ 2020ರಲ್ಲಿ ನಿಂತುಹೋಯಿತು. ಕಂಪನಿ ಹೇಳಿದ ಕಾರಣ ಆರ್ಥಿಕ ಅನಿಶ್ಚಿತತೆ, ಆದರೆ ಜನರ ಮಾಹಿತಿ ಯಾರದ್ದು ಅನ್ನುವ ಜಗಳ ಅದಕ್ಕೂ ಮೊದಲೇ ಶುರುವಾಗಿತ್ತು. ಪಾರ್ಕಿಂಗ್‌ಗೆ ಜಾಗ ಖಾಲಿ ಇದೆಯಾ ಅಂತ ಗೊತ್ತಾದರೆ ಸಾಕು, ಗಾಡಿ ನಂಬರ್ ಯಾಕೆ ಬೇಕು?

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಇವಕ್ಕೆಲ್ಲ ಬ್ಯಾಟರಿ ಬದಲಿಸುವವರು ಯಾರು?

ಉತ್ತರ 1:
ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ವೈರ್‌ಲೆಸ್ ತಂತ್ರ) ತರಹದ ರೇಡಿಯೋ ಇದ್ದರೆ ದಿನಕ್ಕೆ ಕೆಲವು ಸಲ ಮಾತ್ರ ಮಾಹಿತಿ ಕಳಿಸುವ ಸೆನ್ಸರ್‌ಗೆ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಆದರೂ ರಿಪೇರಿ ಯಾರ ಹೊಣೆ ಅಂತ ಟೆಂಡರ್‌ನಲ್ಲೇ ಬರೆಸಿಕೊಳ್ಳಿ.