ಸಹಾಯ ಬೇಕು: ಮಗಳ ಇನ್‌ಸ್ಟಾಗ್ರಾಂ ಖಾತೆಗೆ ಅಪರಿಚಿತನ ಸಂದೇಶಗಳು
ಎಲ್ಲರಿಗೂ ನಮಸ್ಕಾರ. ಕನಿಷ್ಠ 13 ವರ್ಷ ತುಂಬಿರಬೇಕೆಂಬ ನಿಯಮವಿದ್ದರೂ, ಏಳನೇ ತರಗತಿಯಲ್ಲಿರುವ ನನ್ನ 12 ವರ್ಷದ ಮಗಳು ಹುಟ್ಟಿದ ವರ್ಷವನ್ನು ತಪ್ಪಾಗಿ ನಮೂದಿಸಿ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಳು. ಅಪರಿಚಿತನೊಬ್ಬ ಫೋಟೊ ಕಳುಹಿಸುವಂತೆ ಪದೇ ಪದೇ ಪೀಡಿಸತೊಡಗಿದಾಗ ಹೆದರಿ ಮೊನ್ನೆ ನನ್ನ ಬಳಿ ಹೇಳಿಕೊಂಡಳು. ತಾನಾಗಿಯೇ ಬಂದು ಹೇಳಿದ ಮಗುವನ್ನು ಬೈದು ಫೋನ್ ಕಿತ್ತುಕೊಂಡರೆ ಮುಂದೆ ಏನನ್ನೂ ಹೇಳಲಾರಳು ಎನ್ನಿಸಿ ಸುಮ್ಮನಾದೆ. ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆತನನ್ನು ಬ್ಲಾಕ್ ಮಾಡಿದ್ದೇನೆ.

ಖಾತೆಯನ್ನು ಈಗಲೇ ಅಳಿಸಿದರೆ ಸಾಕ್ಷ್ಯಕ್ಕೆ ತೊಂದರೆಯಾಗುವುದೇ? ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಲು ಅವಕಾಶವಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ಇಂತಹ ದೂರು ಕೊಟ್ಟವರಿದ್ದರೆ, ಆಚರಣೆಯಲ್ಲಿ ಹಾಗೆಯೇ ನಡೆಯಿತೇ, ಮಗುವಿನ ಹೆಸರು ಗೋಪ್ಯವಾಗಿ ಉಳಿಯಿತೇ ಎಂಬುದನ್ನು ದಯವಿಟ್ಟು ತಿಳಿಸಿ.