ಕಣ್ಣಿನ ‘ಹೂ’, ‘ಪೊರೆ’, ‘ಮಾಂಸ’: ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಕಣ್ಣಿನ ಮುಂಭಾಗದ ಕಾಯಿಲೆಗಳನ್ನು ಗುರುತಿಸುವ ಬಗ್ಗೆ ಆರೋಗ್ಯ ಕಾರ್ಯಕರ್ತರಿಗೆಂದು ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಸದ್ಯಕ್ಕೆ ‘ಪೊರೆ’ಯಲ್ಲೇ ಸಿಕ್ಕಿಕೊಂಡಿದ್ದೇನೆ.

ಕ್ಯಾಟರಾಕ್ಟ್‌ಗೆ ಪೊರೆ ಅನ್ನುವುದು ರೂಢಿ. ಆದರೆ ಬಿಳಿಗುಡ್ಡೆಯಿಂದ, ಹೆಚ್ಚಾಗಿ ಮೂಗಿನ ಕಡೆಯಿಂದ, ಕಪ್ಪುಗುಡ್ಡೆಯ ಮೇಲೆ ಹಬ್ಬುವ ಟೆರಿಜಿಯಂ ಕೂಡ ಕೆಲವರ ಬಾಯಲ್ಲಿ ಪೊರೆಯೇ. ಉಳಿದವರು ‘ಮಾಂಸ ಬೆಳೆದಿದೆ’ ಅನ್ನುತ್ತಾರೆ. ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರ, ಬೆಳ್ಳಗಾದರೆ ‘ಹೂ ಬಿದ್ದಿದೆ’. ಅದನ್ನೂ ಪೊರೆ ಅನ್ನುವವರಿದ್ದಾರೆ. ನಿಜವಾದ ಪೊರೆ ಇರುವುದು ಪಾಪೆಯ ಹಿಂದಿನ ಮಸೂರದಲ್ಲಿ. ಪಕ್ಕದಿಂದ ಟಾರ್ಚ್ ಬಿಟ್ಟರೆ, ಇನ್ನೂ ಬಲಿಯದ ಪೊರೆಯ ಮೇಲೆ, ಪಾಪೆಯ ಸುತ್ತಲಿನ ಬಣ್ಣದ ವರ್ತುಲವಾದ ಐರಿಸ್‌ನ ನೆರಳು ಬೀಳುತ್ತದೆ. ಹೂವಾದರೆ ಐರಿಸ್‌ಗಿಂತ ಮುಂದೆಯೇ ಇರುತ್ತದೆ. ಕಾರ್ನಿಯಾದ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಅಷ್ಟರಲ್ಲೂ ಕಲೆ ಎಷ್ಟು ಆಳದಲ್ಲಿದೆ ಎಂಬುದನ್ನು, ಕಣ್ಣನ್ನು ದೊಡ್ಡದಾಗಿ ತೋರಿಸುವ ಉಪಕರಣವಾದ ಸ್ಲಿಟ್ ಲ್ಯಾಂಪ್‌ನ ಸಣ್ಣ ಬೆಳಕಿನ ಸೀಳು ತೋರಿಸಿಕೊಡುತ್ತದೆ.

ನನಗೆ ಹೆಚ್ಚು ತಲೆನೋವಾಗಿರುವುದು ‘ಹೂ’. ಹಳೆಯ ಗಾಯ ಮಾಗಿ ಉಳಿದ ಕಲೆಗೂ ಹೂ, ಈಗಷ್ಟೇ ಆಗಿರುವ ಹುಣ್ಣಿನ ಬಿಳುಪಿಗೂ ಹೂ. ಹುಣ್ಣಾದ ಕಣ್ಣು ಸಾಮಾನ್ಯವಾಗಿ ಕೆಂಪಾಗಿರುತ್ತದೆ, ನೋಯುತ್ತದೆ, ನೀರು ಸುರಿಸುತ್ತದೆ, ಬೆಳಕು ತಡೆಯದು. ಫ್ಲೋರೆಸೀನ್ ಎಂಬ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಮೇಲ್ಪದರ ಕಿತ್ತುಹೋದ ಜಾಗ ಹಸಿರಾಗಿ ಹೊಳೆಯುತ್ತದೆ; ಮಾಗಿದ ಕಲೆ ಬಣ್ಣ ಹಿಡಿಯುವುದಿಲ್ಲ. ಹರ್ಪಿಸ್ ವೈರಸ್ಸಿನ ಹುಣ್ಣಾದರೆ ಕವಲೊಡೆದ ಗೆರೆಯಂತೆ ಕಾಣುವುದುಂಟು, ಬೂಷ್ಟಿನ ಹುಣ್ಣಿನ ಅಂಚು ಹಕ್ಕಿಯ ಗರಿಯಂತೆ ಎಳೆಎಳೆಯಾಗಿರುವುದುಂಟು. ಇಂಥ ಕಣ್ಣಿಗೆ ಮನೆಯಲ್ಲಿದ್ದ ಸ್ಟೀರಾಯ್ಡ್ ಹನಿ ಬಿಟ್ಟುಕೊಂಡರೆ ದೃಷ್ಟಿಯೇ ಹೋಗಬಹುದು. ‘ಹೂ ತಾನೇ, ಹಳೆಯದು’ ಎಂದು ಕೂರುವಂತಾಗಬಾರದು. ಹಾಗಾಗಿ ಮಾಗಿದ್ದಕ್ಕೆ ಮಾತ್ರ ಹೂ, ಹಸಿಯದಕ್ಕೆ ‘ಕಪ್ಪುಗುಡ್ಡೆಯ ಹುಣ್ಣು’ ಎಂದು ಬರೆಯೋಣ ಅಂತಿದ್ದೇನೆ. ಟೆರಿಜಿಯಂಗೆ ‘ಮಾಂಸ’ವೇ ಇರಲಿ, ಕ್ಯಾನ್ಸರ್ ಎಂದು ಯಾರೂ ಹೆದರದಂತೆ ಪಕ್ಕದಲ್ಲೊಂದು ಸಾಲು ಸೇರಿಸಿದರಾಯಿತು.

ಹೂವಿನ ದಟ್ಟಣೆಗೆ ವೈದ್ಯರು ನೆಬ್ಯುಲಾ, ಮ್ಯಾಕ್ಯುಲಾ, ಲ್ಯುಕೋಮಾ ಅನ್ನುತ್ತಾರೆ. ಹಿಂದಿನ ಐರಿಸ್ ಚೆನ್ನಾಗಿಯೇ ಕಂಡರೆ ಮೊದಲನೆಯದು, ಏನೂ ಕಾಣದಿದ್ದರೆ ಕೊನೆಯದು. ಮಸುಕು, ತೆಳುಹೂ, ಬಿಳಿಹೂ ಅಂದರೆ ನಡೆದೀತೇ? ಮ್ಯಾಕ್ಯುಲಾವನ್ನು ಹಾಗೇ ಉಳಿಸಿಕೊಳ್ಳಲು ನನಗೆ ಇಷ್ಟವಿಲ್ಲ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ನಡುಭಾಗಕ್ಕೂ ಅದೇ ಹೆಸರು.

ಇನ್ನೊಂದು ಸಣ್ಣ ತೊಡಕು. ಆಂಟೀರಿಯರ್ ಸೆಗ್ಮೆಂಟ್ ಅಂದರೆ ಕಾರ್ನಿಯಾದಿಂದ ಮಸೂರದವರೆಗಿನದ್ದೆಲ್ಲ. ಆಂಟೀರಿಯರ್ ಚೇಂಬರ್ ಅಂದರೆ ಕಾರ್ನಿಯಾ, ಐರಿಸ್ ನಡುವೆ ನೀರು ತುಂಬಿರುವ ಜಾಗ ಮಾತ್ರ. ಎರಡಕ್ಕೂ ‘ಮುಂಭಾಗ’ ಅಂದರೆ, ಕೀವು ಕೆಳಗಿಳಿದು ಮಟ್ಟವಾಗಿ ನಿಲ್ಲುವ ಹೈಪೋಪಿಯಾನ್ ಎಲ್ಲಿದೆ ಎಂದು ಹೇಳುವುದೇ ಕಷ್ಟ. ಚೇಂಬರ್‌ಗೆ ‘ಮುಂಗೋಣೆ’ ಹೊಳೆಯಿತು. ನಿಮ್ಮ ಕಡೆ ಇದಕ್ಕೆ, ಅಥವಾ ಹಸಿ ಹುಣ್ಣಿಗೆ, ಬೇರೆ ಮಾತು ಬಳಕೆಯಲ್ಲಿದ್ದರೆ ತಿಳಿಸಿ.